ದಿಬ್ಬದಲ್ಲಿ ಕೂತ ಗಾಳಿ

ಹೀಟರಿನಿಂದ ತಣ್ಣನೆ ಗಾಳಿ ಬರತೊಡಗಿ ಹತ್ತು ದಿನವಾಗಿತ್ತು. 2002ರ ಜನವರಿ ತಿಂಗಳು. ನಮ್ಮ ಮೂಡಿಗೆರೆ ಕಡೆ ಜನವರಿ ಎಂದರೆ ಬೆಳಿಗ್ಗೆ ಎಂಟಾದರೂ ಕಣದ ಆಚೆ ನಿಂತ ಸಿಲ್ವರ್ ಮರಗಳು ಕಾಣುವುದಿಲ್ಲ. ಕಾಫಿ ರಾಶಿಗೆ ಹೊದೆಸಿದ ಟಾರ್ಪಾಲಿನ ಅಂಚಿನಿಂದ ಇಬ್ಬನಿ ಮಳೆಹನಿಯ ಹಾಗೆ ಇಳಿಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಕಾರು ಹೊರಡಿಸಿದರೆ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟುತ್ತದೆ. ಬಿಸಿಗಾಳಿ ಬಡಿಯದ ಹೊರತು ದಾರಿ ಕಾಣುವುದಿಲ್ಲ. ಹೀಗಾಗಿ ಹೀಟರ್ ನಮ್ಮ ಮನೆಯಲ್ಲಿ ಶೋಕಿಯ ವಸ್ತುವಾಗಿರಲಿಲ್ಲ. ಅದು ಕೈಕೊಟ್ಟ ಮೇಲೆ ಅಪ್ಪ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಹಳೆಯ ಬನಿಯನ್ ತುಂಡಿನಿಂದ ಗಾಜು ಒರೆಸಿಕೊಳ್ಳುತ್ತ ಓಡಿಸುತ್ತಿದ್ದರು.

ಪೇಟೆಯ ಗ್ಯಾರೇಜಿಗೂ ಒಮ್ಮೆ ಹೋಗಿ ಬಂದಿದ್ದಾಯಿತು. ಇಂಜಿನ್ ಚೆನ್ನಾಗಿದೆ, ಟೆಂಪರೇಚರ್ ಮುಳ್ಳು ನಡುವಿನಲ್ಲೇ ನಿಂತಿದೆ, ಹೀಟರಿನ ಬಾಬತ್ತೇ ಬೇರೆ, ಅದಕ್ಕೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎಂದರು. ಖರ್ಚು ಕೇಳಿ ಅಪ್ಪ ಸುಮ್ಮನೆ ವಾಪಸ್ ಬಂದರು. ಆ ವರ್ಷ ಸುಮ್ಮನೆ ವಾಪಸ್ ಬರುವುದೇ ಎಲ್ಲರ ಪಾಡು. 1994ರಲ್ಲಿ ಬ್ರೆಜಿಲ್ಲಿನ ಕಾಫಿ ತೋಟಗಳು ಹಿಮಕ್ಕೆ ಸಿಕ್ಕಿ ಕರಟಿದವಲ್ಲ, ಆಗ ನಮ್ಮಲ್ಲಿ ಕಂಡು ಕೇಳರಿಯದ ಬೆಲೆ ಬಂದಿತ್ತು. ನಮ್ಮ ಬಿಳಿ ಕಾರು ಬಂದದ್ದು ಆ ದುಡ್ಡಿನಲ್ಲಿ, 1995ರಲ್ಲಿ. ಮೂರು ಸಿಲಿಂಡರಿನ ಪುಟ್ಟ ಗಾಡಿ. ಆಮೇಲೆ ಬೆಲೆ ಇಳಿದು ಇಳಿದು, ಈಗ ಹೇಳುತ್ತಿರುವ ವರ್ಷದ ಹೊತ್ತಿಗೆ, ಕೊಯ್ಲಿನ ಕೂಲಿ ಕೊಟ್ಟರೆ ಗೊಬ್ಬರಕ್ಕಿಲ್ಲ, ಗೊಬ್ಬರ ಹಾಕಿದರೆ ಕೂಲಿಗಿಲ್ಲ ಎನ್ನುವಂತಾಗಿತ್ತು. ಅಂಥ ಹೊತ್ತಿನಲ್ಲಿ ಮನೆಗಳಲ್ಲಿ ಸಣ್ಣಸಣ್ಣ ಖರ್ಚುಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ನಮ್ಮಲ್ಲಿ ನಿಂತದ್ದರಲ್ಲಿ ಒಂದು ಕಾರಿನ ಕೂಲೆಂಟು. ಮೂರು ವರ್ಷದಿಂದ ರೇಡಿಯೇಟರಿಗೆ ಬೀಳುತ್ತಿದ್ದದ್ದು ನಲ್ಲಿಯ ನೀರು.

ಹೀಟರ್ ಬೇರೆ, ಇಂಜಿನ್ ಬೇರೆ ಎಂಬ ಮಾತನ್ನು ನಾವೂ ನಂಬಿಬಿಟ್ಟೆವು. ಈಗ ನೆನೆದರೆ ಎದೆ ಧಸಕ್ಕೆನ್ನುತ್ತದೆ. ಕಾರಿನ ಹೀಟರಿಗೆ ಸ್ವಂತ ಬೆಂಕಿ ಎಂಬುದಿಲ್ಲ. ಇಂಜಿನ್ನಿನ ಸುತ್ತ ಹರಿದು ಕಾದು ಬಂದ ನೀರಿನಲ್ಲಿ ಒಂದು ಪಾಲು ಎರಡು ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬಂದು ಹೋಗುತ್ತದೆ. ಅದರ ಮೇಲೆ ಫ್ಯಾನು ಗಾಳಿ ಬೀಸಿದರೆ ನಮ್ಮ ಕಾಲಿಗೆ ಬೆಚ್ಚಗಾಗುತ್ತದೆ. ಇಂಜಿನ್ ಕಾದಿದ್ದೂ ಗಾಳಿ ತಣ್ಣಗಿದೆ ಎಂದರೆ ಸಾಮಾನ್ಯವಾಗಿ ನೀರು ಅಲ್ಲಿಗೆ ತಲುಪುತ್ತಿಲ್ಲ ಎಂದು ಅರ್ಥ. ಹೀಟರ್ ಹತ್ತು ದಿನದಿಂದ ನಮಗೆ ಅದನ್ನೇ ಹೇಳುತ್ತಿತ್ತು.

ಅದು ಅಜ್ಜಿಗೆ ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬರುವ ದಿನ. ಮುಂದೆ ಅಪ್ಪ ಮತ್ತು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಚಿಕ್ಕಪ್ಪ, ಹಿಂದೆ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡ ಅಜ್ಜಿ ಮತ್ತು ಎಂಟನೇ ಕ್ಲಾಸಿನ ನಾನು. ಬಂಟ್ವಾಳ, ಬೆಳ್ತಂಗಡಿ, ಉಜಿರೆ ದಾಟುವವರೆಗೆ ಯಾವ ತಕರಾರೂ ಇಲ್ಲ. ಬಯಲಿನಲ್ಲಿ ಎದುರುಗಾಳಿ ಬಡಿಯುತ್ತ ಹೋಗುತ್ತಿದ್ದರೆ ಎಂಥ ರೇಡಿಯೇಟರೂ ಹೇಗೋ ಸುಧಾರಿಸಿಕೊಳ್ಳುತ್ತದೆ. ಪರೀಕ್ಷೆಯೆಲ್ಲ ಚಾರ್ಮಾಡಿ ಘಾಟಿಯಲ್ಲಿ. ಅಲ್ಲಿಂದ ಕೊಟ್ಟಿಗೆಹಾರಕ್ಕೆ ಏರುವುದೆಂದರೆ ಎರಡನೇ ಗೇರಿನಲ್ಲಿ, ನಿಧಾನಕ್ಕೆ, ಇಂಜಿನ್ನಿಗೆ ಪೂರ್ತಿ ಭಾರ, ಗಾಳಿ ಮಾತ್ರ ಇಲ್ಲ.

ಮೂರು ನಾಲ್ಕು ತಿರುವು ಹತ್ತುವಷ್ಟರಲ್ಲಿ ಮುಳ್ಳು ಅಲುಗಿತು. ನೋಡುತ್ತಿದ್ದ ಹಾಗೆ ಕೆಂಪಿನ ಹತ್ತಿರ ಹೋಯಿತು. "ಅಣ್ಣಯ್ಯ, ಹೀಟರ್ ಫುಲ್ ತಿರುಗ್ಸು. ಇಂಜಿನ್ ಬಿಸಿ ಒಂಚೂರು ಈ ಕಡೆ ಎಳ್ಕೊಳ್ತದೆ" ಎಂದರು ಚಿಕ್ಕಪ್ಪ. ಆ ಮಾತು ಸರಿಯೇ. ಘಾಟಿಯಲ್ಲಿ ಕಾದ ಕಾರನ್ನು ಹೀಟರ್ ಹಾಕಿ, ಕಿಟಕಿ ತೆರೆದು, ಬೆವರುತ್ತ ಮೇಲೆ ತಂದವರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಅಪ್ಪ ತಿರುಗಿಸಿದರು. ಬಂದದ್ದು ಹೊಳೆಯ ದಡದ ಗಾಳಿಯಂಥ ತಣ್ಣನೆ ಗಾಳಿ. ಮರುಗಳಿಗೆಯಲ್ಲಿ ಮುಳ್ಳು ತಾನಾಗಿಯೇ ಸರಕ್ಕನೆ ಕೆಳಗಿಳಿಯಿತು. "ಅಬ್ಬ, ಇಳೀತು" ಎಂದು ನಾನು ಚಪ್ಪಾಳೆ ಹೊಡೆದೆ. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. "ನಿಲ್ಸು ಅಣ್ಣಯ್ಯ. ಇಳಿದಿದ್ದಲ್ಲ ಅದು. ಅಳತೆ ಮಾಡೋ ಜಾಗದಲ್ಲಿ ನೀರೇ ಇಲ್ಲ" ಎಂದರು. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಬರಿಯ ಆವಿ, ಗಾಳಿ ಉಳಿದಾಗ ಅದರ ಮಾತನ್ನು ನಂಬುವಂತಿಲ್ಲ ಎಂಬುದನ್ನು ನಾನು ಕಲಿತದ್ದು ಆ ತಿರುವಿನಲ್ಲಿ.

ಬಾನೆಟ್ ಎತ್ತಿದಾಗ ಸುಟ್ಟ ರಬ್ಬರಿನ ವಾಸನೆ, ಒಳಗೆಲ್ಲೋ ಗೊಳಗೊಳ ಸದ್ದು. ಗಾಬರಿಯಲ್ಲಿ ಚಿಕ್ಕಪ್ಪ ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟರು. ಹಿಂದೆ ಏರಿ ಬರುತ್ತಿದ್ದ ಹೆಂಚಿನ ಲಾರಿಯಿಂದ ಒಂದು ಕೂಗು ಬಂತು: "ತೆಗೀಬೇಡಿ! ಸ್ವಾಮೀ, ತೆಗೀಬೇಡಿ!" ಡ್ರೈವರ್ ಲಾರಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಓಡಿ ಬಂದರು. ಮಾತಾಡದೆ ಅಂಗಿಯ ತೋಳು ಮಡಚಿ ತೋರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಬೆಳ್ಳಗೆ, ನುಣ್ಣಗೆ, ಸುಕ್ಕುಗಟ್ಟಿತ್ತು. ಅವರು ಹಿಂದೊಮ್ಮೆ ತೆಗೆದದ್ದು ಅಂಥದೇ ಮುಚ್ಚಳವಂತೆ.

ವಿಜ್ಞಾನದ ಮೇಷ್ಟ್ರಿಗೆ ಅದು ಗೊತ್ತಿಲ್ಲದ್ದೇನಲ್ಲ. ಕುಕ್ಕರಿನ ಲೆಕ್ಕವೇ ಅದು. ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿರುತ್ತದೆ. ಅಷ್ಟು ಒತ್ತಡ ಒಳಗಿದ್ದರೆ ನೀರು 118 ಡಿಗ್ರಿಯ ಹತ್ತಿರಕ್ಕೆ ಹೋದರೂ ಕುದಿಯದೆ ನೀರಾಗಿಯೇ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಆ ಒತ್ತಡ ಹೋಗಿ, ಅಷ್ಟೂ ಬಿಸಿ ಒಮ್ಮೆಗೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಗೊತ್ತಿದ್ದದ್ದು ಗಾಬರಿಯಲ್ಲಿ ಕೈಯವರೆಗೆ ಬರಲಿಲ್ಲ. ಆ ಡ್ರೈವರ್ ಯಾರೋ, ಯಾವ ಊರಿನವರೋ. ಮುಕ್ಕಾಲು ಗಂಟೆ ನಮ್ಮ ಜೊತೆ ನಿಂತರು. ಬಂಡೆಯಿಂದ ಒಸರುತ್ತಿದ್ದ ನೀರನ್ನು ಕ್ಯಾನಿಗೆ ಹಿಡಿಸಿ ತಂದರು. ಮೇಲಿನ ಪೈಪು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಮುಚ್ಚಳ ತೆಗೆಸಿ, ಇಂಜಿನ್ ಚಾಲೂ ಮಾಡಿಸಿ, ದಾರದಂತೆ ಸಣ್ಣಗೆ ನೀರು ಹೊಯ್ದರು. ಕಾದ ಲೋಹಕ್ಕೆ ತಣ್ಣೀರು ಒಮ್ಮೆಗೇ ಸುರಿದರೆ ಸಿಲಿಂಡರ್ ಹೆಡ್ಡು ಬಿರುಕು ಬಿಡಬಹುದು. ಎರಡು ಲೀಟರಿಗೂ ಮಿಕ್ಕಿ ಹಿಡಿಯಿತು. ಆ ಪುಟ್ಟ ಇಂಜಿನ್ನಿಗೆ ಅದು ಹೆಚ್ಚುಕಡಿಮೆ ಅರ್ಧ ರಕ್ತ.

ಹೊರಟ ಮೇಲೆ ಸ್ವಲ್ಪ ದೂರ ಹೀಟರಿನಿಂದ ಬಿಸಿಗಾಳಿ ಬಂತು! ಮುಳ್ಳೂ ನಡುವಿನಲ್ಲೇ ನಿಂತಿತ್ತು. ಕೊಟ್ಟಿಗೆಹಾರ ಇನ್ನೇನು ಬಂತು ಎನ್ನುವಾಗ ಗಾಳಿ ಪುನಃ ತಣ್ಣಗಾಯಿತು. ಐದು ನಿಮಿಷದ ನಂತರ ಮುಳ್ಳು ಏರತೊಡಗಿತು. ನೀರುದೋಸೆಯ ಹೋಟೆಲಿನ ಮುಂದೆ ಇನ್ನೊಮ್ಮೆ ಆರಿಸಿ, ನೀರು ಕುಡಿಸಿ, ಕತ್ತಲಾಗುವ ಹೊತ್ತಿಗೆ ಮನೆ ಸೇರಿದೆವು. ದಾರಿಯಲ್ಲಿ ಚಿಕ್ಕಪ್ಪ ಅಜ್ಜಿಯ ಔಷಧಿ ಚೀಟಿಯ ಹಿಂದೆ ಬರೆದುಕೊಂಡಿದ್ದರು: ಗಾಳಿ ತಣ್ಣಗಾದದ್ದು ಮೊದಲು, ಮುಳ್ಳು ಏರಿದ್ದು ಆಮೇಲೆ. ಎರಡು ಸಲವೂ ಹಾಗೆಯೇ.

ಮಾರನೆಯ ದಿನ ಭಾನುವಾರ. ಅಪ್ಪನಿಗೆ ಇದ್ದ ಭಯ ಒಂದೇ, ಹೆಡ್ ಗ್ಯಾಸ್ಕೆಟ್. ಅಷ್ಟು ಕಾದ ಇಂಜಿನ್ನಿನಲ್ಲಿ ಅದು ಸುಟ್ಟಿದ್ದರೆ ಆ ವರ್ಷದ ಕಾಫಿಯೂ ಸಾಲದು, ಕಾರು ಮಾರುವುದೇ ದಾರಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಬೆಳಕಿಗೆ ಹಿಡಿದರು. ಆಯಿಲ್‌ಗೆ ನೀರು ಸೇರಿದ್ದರೆ ಅಲ್ಲಿ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಕಟ್ಟಿರುತ್ತದೆ. ಇರಲಿಲ್ಲ. ಡಿಪ್‌ಸ್ಟಿಕ್ಕೂ ಶುದ್ಧವಾಗಿತ್ತು. ತಣ್ಣಗಿರುವಾಗಲೇ ರೇಡಿಯೇಟರಿಗೆ ಬಾಯಿ ಮಟ್ಟ ನೀರು ತುಂಬಿ, ಮುಚ್ಚಳ ಹಾಕದೆ ಇಂಜಿನ್ ಚಾಲೂ ಮಾಡಿ ಮೂವರೂ ಬಗ್ಗಿ ನೋಡಿದೆವು. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಗುಳ್ಳೆಗಳು ಬಿಡದೆ ಏಳುತ್ತಿರಬೇಕು. ಒಂದೆರಡು ಎದ್ದವು, ನಿಂತವು. ಅಪ್ಪ ಕಣದ ಕಟ್ಟೆಯ ಮೇಲೆ ಕೂತು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. ಎಷ್ಟೋ ಹೊತ್ತು ಒರೆಸಿಕೊಂಡರು.

ಆಮೇಲೆ ಒಂದೊಂದೇ ಹುಡುಕಿದೆವು. ರೇಡಿಯೇಟರಿನ ಫ್ಯಾನು ಬಿಸಿಯೇರಿದಾಗ ತಾನಾಗಿಯೇ ತಿರುಗಿತು, ಅದರದು ತಪ್ಪಿಲ್ಲ. ರೇಡಿಯೇಟರಿನ ಎಲೆಗಳ ನಡುವೆ ಹುಳು, ಕಸ, ಕೆಮ್ಮಣ್ಣಿನ ಧೂಳು ಗಟ್ಟಿಯಾಗಿ ಕೂತಿತ್ತು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೈಪಂಪನ್ನು ತೊಳೆದು ಬರಿಯ ನೀರು ತುಂಬಿ, ಇಂಜಿನ್ನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ಹೊಡೆದೆವು. ಜೋರಾಗಿ ಹೊಡೆದರೆ ಆ ತೆಳು ಎಲೆಗಳು ಮಡಚಿಕೊಳ್ಳುತ್ತವೆ. ಸೋರಿಕೆ ಮಾತ್ರ ಎಲ್ಲೂ ಕಾಣಲಿಲ್ಲ. ಕಾರಿನ ಅಡಿಯಲ್ಲಿ ಹಾಸಿದ ಗೋಣಿಚೀಲ ಒಣಗಿಯೇ ಇತ್ತು. ಕೊನೆಗೆ ಟಾರ್ಚ್ ಹಿಡಿದಿದ್ದ ನನಗೆ ಕಂಡಿತು: ಇಂಜಿನ್ನಿನ ಹಿಂದೆ, ಹೀಟರಿನ ಪೈಪು ಕಾರಿನೊಳಗೆ ಹೋಗುವ ಜಾಗದಲ್ಲಿ, ಕ್ಲಿಪ್ಪಿನ ಕೆಳಗೆ ತುಕ್ಕಿನ ಬಣ್ಣದ ಒಂದು ಗೆರೆ. ತಣ್ಣಗಿದ್ದಾಗ ಅಲ್ಲಿ ಹನಿಯೂ ಇಲ್ಲ. ಕಾದು ಒತ್ತಡ ಏರಿದಾಗ ಸೂಜಿಮೊನೆಯಷ್ಟು ನೀರು ಚಿಮ್ಮಿ, ಕಾದ ಲೋಹದ ಮೇಲೆ ಬಿದ್ದು, ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿತ್ತು. ತಿಂಗಳುಗಟ್ಟಲೆ ನಮ್ಮ ನೀರು ಹೋದ ದಾರಿ ಅದು. ಪೈಪಿನ ತುದಿ ಕತ್ತರಿಸಿ, ಹೊಸ ಕ್ಲಿಪ್ಪು ಹಾಕಿ ಬಿಗಿದರು. ಸಂಜೆ ಊರಿನ ದಿಣ್ಣೆ ಹತ್ತಿ ನೋಡಿದರೆ ಗಾಳಿ ಇನ್ನೂ ತಣ್ಣಗೆ, ಮುಳ್ಳು ಇನ್ನೂ ಮೇಲೆ.

ಹಾಗಾದರೆ ಥರ್ಮೋಸ್ಟಾಟ್ ಎಂದರು ಚಿಕ್ಕಪ್ಪ. ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಬಾಗಿಲು ಅದು. ಒಳಗೆ ಮೇಣ ತುಂಬಿದ ಹಿತ್ತಾಳೆಯ ಗುಂಡಿ. ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ತೆರೆಯದೆ ಹೋದರೆ ಇಂಜಿನ್ ಕಾಯುತ್ತದೆ. ಮುಚ್ಚದೆ ಹೋದರೆ ಇಂಜಿನ್ ಕಾಯುವುದೇ ಇಲ್ಲ, ಹೀಟರ್ ಉಗುರು ಬೆಚ್ಚಗೇ ಉಳಿಯುತ್ತದೆ. ಎರಡು ಬೋಲ್ಟು ಬಿಚ್ಚಿ ಅದನ್ನು ಹೊರತೆಗೆದರು. ರಾತ್ರಿ ಬಚ್ಚಲೊಲೆಯ ಮುಂದೆ ನಮ್ಮ ಪ್ರಯೋಗ. ಹಂಡೆಯೊಲೆಯ ಕೆಂಡ ಮುಂದಕ್ಕೆ ಎಳೆದು, ಅದರ ಮೇಲೆ ಪಾತ್ರೆ ಇಟ್ಟು, ಥರ್ಮೋಸ್ಟಾಟನ್ನು ದಾರ ಕಟ್ಟಿ ತಳ ತಾಗದಂತೆ ನೀರಿನಲ್ಲಿ ಇಳಿಬಿಟ್ಟೆವು. ಸ್ಕೂಲಿನ ಲ್ಯಾಬಿನಿಂದ ಎರವಲು ತಂದ ಥರ್ಮಾಮೀಟರ್ ಚಿಕ್ಕಪ್ಪನ ಕೈಯಲ್ಲಿ. ಗುಂಡಿಯ ಮೇಲೆ 82 ಎಂದು ಕೊರೆದಿತ್ತು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಯಾರೂ ಮಾತಾಡುತ್ತಿಲ್ಲ, ಕೆಂಡ ಮಾತ್ರ ಚಿಟಿಪಿಟಿ ಎನ್ನುತ್ತಿತ್ತು. 82 ದಾಟುತ್ತಿದ್ದ ಹಾಗೆ ಆ ಬಾಗಿಲು ಕಣ್ಣುರೆಪ್ಪೆಯ ಹಾಗೆ ಬಿಚ್ಚಿಕೊಂಡಿತು. ನೀರು ಕುದಿ ಬರುವಷ್ಟರಲ್ಲಿ ಪೂರ್ತಿ ತೆರೆದು ನಿಂತಿತು. ನಮ್ಮ ಊರಿನ ಎತ್ತರದಲ್ಲಿ ನೀರು ನೂರರವರೆಗೆ ಕಾಯುವುದಿಲ್ಲ, 97ರ ಸುಮಾರಿಗೇ ಕುದಿಯುತ್ತದೆ. ಅದನ್ನು ಅಳೆದು ನೋಡಿದ್ದೂ ನನ್ನ ಪಾಲಿಗೆ ಅದೇ ಮೊದಲು. ಬಾಗಿಲಲ್ಲಿ ದೋಷವಿಲ್ಲ. ಪಂಪ್‌ಸೆಟ್‌ಗೆಂದು ಇಟ್ಟಿದ್ದ ಗ್ಯಾಸ್ಕೆಟ್ ಹಾಳೆಯಲ್ಲಿ ಅಪ್ಪ ಅದಕ್ಕೆ ಹೊಸ ಗ್ಯಾಸ್ಕೆಟ್ ಕತ್ತರಿಸತೊಡಗಿದರು.

ಕತ್ತರಿಸುತ್ತಲೇ ಅಪ್ಪ ಕೇಳಿದರು: "ಪುಟ್ಟಿ, ಮಧ್ಯಾಹ್ನ ಆ ಎರಡು ಹೀಟರ್ ಪೈಪು ಮುಟ್ಟಿದ್ದೆ ಅಲ್ಲ. ಹೆಂಗಿದ್ವು?"

"ಒಂದು ಸುಡ್ತಿತ್ತು. ಇನ್ನೊಂದು ತಣ್ಣಗಿತ್ತಪ್ಪ."

ಕತ್ತರಿ ನಿಂತಿತು. "ಸಂಪಿಗೆ ಮರದ ಹತ್ರ ಆಗ್ತದಲ್ಲ, ಹಂಗೇ ಇದು" ಎಂದರು.

ಆ ಮಾತು ಅರ್ಥವಾಗಬೇಕಾದರೆ ನಮ್ಮ ಮನೆಗೆ ನೀರು ಬರುವ ಬಗೆ ಗೊತ್ತಿರಬೇಕು. ಮೇಲಿನ ಗುಡ್ಡದ ಹಳ್ಳದಿಂದ ಕರಿ ಪೈಪಿನಲ್ಲಿ, ಮೋಟರಿಲ್ಲದೆ, ತಗ್ಗಿಗೆ ತಾನಾಗಿ ಹರಿದು ಬರುವ ನೀರು ಅದು. ಪೈಪು ಇಳಿಯುತ್ತ ಬಂದು ಸಂಪಿಗೆ ಮರದ ಬುಡದಲ್ಲಿ ಸಣ್ಣ ದಿಬ್ಬ ಹತ್ತಿ ಪುನಃ ಇಳಿಯುತ್ತದೆ. ಬೇಸಗೆಯಲ್ಲಿ ಹಳ್ಳ ಕಿರಿದಾಗಿ ಪೈಪಿನ ಬಾಯಿ ಒಂದು ಗಳಿಗೆ ಗಾಳಿ ಕುಡಿದರೆ ಸಾಕು, ಆ ಗಾಳಿ ಬಂದು ದಿಬ್ಬದ ನೆತ್ತಿಯಲ್ಲಿ ಕೂರುತ್ತದೆ. ಮೇಲೆ ನೀರಿದೆ, ಕೆಳಗೆ ನಲ್ಲಿ ಒಣಗಿದೆ, ನಡುವೆ ಎಲ್ಲೂ ಒಡೆದಿಲ್ಲ. ನಮ್ಮ ಕಡೆ ಪೈಪಿಗೆ ಏರ್ ಹಿಡಿದಿದೆ ಎನ್ನುತ್ತಾರೆ. ಅಪ್ಪ ಆಗ ಸಂಪಿಗೆ ಮರದ ಹತ್ತಿರ ಹೋಗಿ, ದಿಬ್ಬದ ಜೋಡಣೆಯನ್ನು ಸಡಿಲಿಸಿ, ಕಿವಿಗೊಟ್ಟು ಕೂರುತ್ತಿದ್ದರು. ಬುಸ್ಸ್ ಎಂದು ಗಾಳಿ ಹೋಗಿ, ನೀರು ಕೈಗೆ ಹಾರಿದ ಮೇಲೆ ಬಿಗಿಯುತ್ತಿದ್ದರು. ಅವರಿಗೆ ಕಾರಿನ ಕೆಲಸ ಬರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಆ ಪೈಪಿನ ಜೊತೆ ಬಾಳಿದ್ದರು.

"ಈ ಕಾರಲ್ಲಿ ನೀರು ಹೋಗೋ ದಾರಿಲಿ ಎಲ್ಲಕ್ಕಿಂತ ಎತ್ತರ ಯಾವುದು ಹೇಳು" ಎಂದು ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ಒಂದು ಗಳಿಗೆ ಬೆಂಕಿಯನ್ನೇ ನೋಡಿದರು. ರೇಡಿಯೇಟರಿನ ಬಾಯಿಗಿಂತಲೂ ಮೇಲಿರುವುದು ಡ್ಯಾಶ್‌ಬೋರ್ಡಿನ ಹಿಂದಿನ ಹೀಟರ್. ಸೋರಿ ಹೋದ ನೀರಿನ ಜಾಗಕ್ಕೆ ಬಂದ ಗಾಳಿ ಸೇರಿಕೊಂಡದ್ದು ಅಲ್ಲಿ. ಪಂಪು ಎಷ್ಟು ತಳ್ಳಿದರೂ ನೀರು ಆ ದಿಬ್ಬ ದಾಟುತ್ತಿಲ್ಲ. ನಾವು ಮೇಲಿಂದ ಹೊಯ್ದ ನೀರು ಗಾಳಿಯನ್ನು ಹೊರಗೆ ಹಾಕಿಲ್ಲ, ಒಳಗೇ ಕೂಡಿಹಾಕಿದೆ. ಗಾಳಿಯ ಗುಳ್ಳೆ ಒಮ್ಮೊಮ್ಮೆ ಜಾರಿ ಇಂಜಿನ್ನಿನೊಳಗೆ ಬಂದಾಗ ಅಲ್ಲಿ ನೀರಿಲ್ಲದ ಲೋಹ ಕೆಂಡವಾಗುತ್ತಿದೆ. ಹೀಟರಿನ ರೋಗ, ಇಂಜಿನ್ನಿನ ರೋಗ ಎಂಬ ಎರಡಿಲ್ಲ, ಇರುವುದು ಒಂದೇ.

ಸೋಮವಾರ ಚಿಕ್ಕಪ್ಪ ರಜೆ ಹಾಕಿದರು. ಅಂಗಳದ ನಲ್ಲಿಯಿಂದ ಪೈಪು ಎಳೆದು, ಹೀಟರಿನ ಎರಡೂ ತುದಿ ಬಿಚ್ಚಿ, ಒಂದು ಕಡೆಯಿಂದ ನೀರು ಬಿಟ್ಟೆವು. ಇನ್ನೊಂದು ಕಡೆಯಿಂದ ಬಂದದ್ದು ಸಣ್ಣ ಧಾರೆ, ಬೆಲ್ಲದ ಪಾಕದ ಬಣ್ಣ. ತಿರುಗಿಸಿ ಆ ತುದಿಯಿಂದ ಬಿಟ್ಟಾಗ ಒಮ್ಮೆಲೆ ಕೆಸರು ಕಿತ್ತುಕೊಂಡು ಬಂತು. ಮೂರು ವರ್ಷದ ತುಕ್ಕು, ಹಳ್ಳದ ಸಣ್ಣ ಮಣ್ಣು. ಬಕೆಟ್ಟಿನ ತಳದಲ್ಲಿ ಅದು ಒಂದು ಬೆರಳಿನಷ್ಟು ದಪ್ಪ ಕೂತಿತು. ಅಪ್ಪ ಅದನ್ನು ಬೆರಳಿನಲ್ಲಿ ಕದಡಿ ನೋಡಿ, "ಮಿಗಿಸಿದ ದುಡ್ಡು ಇದೇ ಅಲ್ಲವಾ" ಎಂದರು. ಅವರ ದನಿಯಲ್ಲಿ ಇದ್ದದ್ದು ಬೇಸರವೊಂದೇ. ಕೂಲೆಂಟು ಎಂದರೆ ನೀರು ಹೆಪ್ಪುಗಟ್ಟದಂತೆ ತಡೆಯುವುದು, ಅದು ಚಳಿದೇಶದವರಿಗೆ ಬೇಕಾದ್ದು ಎಂದು ಅವರಂತೆ ಎಷ್ಟೋ ಜನ ತಿಳಿದಿದ್ದರು. ನಮ್ಮಲ್ಲಿ ಅದರ ಮುಖ್ಯ ಕೆಲಸ ತುಕ್ಕು ತಡೆಯುವುದು, ಕುದಿಯುವ ಮಟ್ಟವನ್ನು ಇನ್ನಷ್ಟು ಮೇಲೇರಿಸುವುದು. ಆ ಹೊತ್ತೇ ಚಿಕ್ಕಪ್ಪ ಪೇಟೆಗೆ ಹೋಗಿ ಒಂದು ಡಬ್ಬ ತಂದರು. ಶುದ್ಧ ನೀರಿಗೆ ಸಮಪಾಲು ಬೆರೆಸಿದಾಗ ಎಳೆ ಬಾಳೆಎಲೆಯ ಹಸಿರು.

ಈಗ ಗಾಳಿ ತೆಗೆಯುವ ಕೆಲಸ. ಕಣಕ್ಕೆ ಏರುವ ಇಳಿಜಾರಿನಲ್ಲಿ ಕಾರನ್ನು ಮುಂಭಾಗ ಮೇಲಾಗುವಂತೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ಹಾಗೆ ನಿಲ್ಲಿಸಿದಾಗ ರೇಡಿಯೇಟರಿನ ಬಾಯಿಯೇ ಎಲ್ಲಕ್ಕಿಂತ ಎತ್ತರದ ಜಾಗ. ಗಾಳಿ ಹೊರಡುವುದಿದ್ದರೆ ಅಲ್ಲಿಂದಲೇ ಹೊರಡಬೇಕು. ಮುಚ್ಚಳ ತೆಗೆದಿಟ್ಟು, ಹೀಟರಿನ ಕಡ್ಡಿಯನ್ನು ಕೆಂಪಿನ ತುದಿಗೆ ಎಳೆದು, ತಣ್ಣಗಿದ್ದ ಇಂಜಿನ್ನನ್ನು ಚಾಲೂ ಮಾಡಿದರು. ಚಿಕ್ಕಪ್ಪ ಮಗ್ಗು ಹಿಡಿದು ಬಾಯಿಯ ಹತ್ತಿರ. ಅಪ್ಪ ಹೀಟರ್ ಪೈಪಿನ ಹತ್ತಿರ, ಕೈಯಲ್ಲಿ ಸ್ಕ್ರೂಡ್ರೈವರ್. ನನ್ನ ಕೆಲಸ ಮುಂದಿನ ಸೀಟಿನಲ್ಲಿ ಕೂತು ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿಯುವುದು.

"ಹೆಂಗಿದೆ?"

"ತಣ್ಣಗಿದೆ."

ಅಪ್ಪ ಮೇಲಿನ ಕ್ಲಿಪ್ಪು ಸಡಿಲಿಸಿದರು. ಸಂಪಿಗೆ ಮರದ ಬುಡದಲ್ಲಿ ಕೇಳುವ ಅದೇ ಸದ್ದು, ಬುಸ್ಸ್ ಎಂದು, ಸಣ್ಣಗೆ. ಆಮೇಲೆ ಹಸಿರು ನೀರು ಅವರ ಬೆರಳಿಗೆ ಹಾರಿತು. ಬಿಗಿದರು. ರೇಡಿಯೇಟರಿನ ಬಾಯಿಯಲ್ಲಿ ಗುಳಕ್ಕೆಂದು ದೊಡ್ಡ ಗುಳ್ಳೆ ಎದ್ದು ನೀರು ಇಳಿಯಿತು, ಚಿಕ್ಕಪ್ಪ ಹೊಯ್ದರು. ಪೈಪನ್ನು ಹಸುವಿನ ಮೊಲೆ ಹಿಂಡಿದ ಹಾಗೆ ಹಿಂಡಿದರು, ಇನ್ನೊಂದು ಗುಳ್ಳೆ. ಮತ್ತೆ ಹೊಯ್ದರು.

"ಈಗ?"

"ತಣ್ಣಗೇ... ಇಲ್ಲಪ್ಪ, ತಡಿ. ಉಗುರು ಬೆಚ್ಚಗೆ. ಅಪ್ಪ, ಬಿಸಿ! ಬಿಸಿ ಬರ್ತಾ ಇದೆ!"

ಅಪ್ಪ ಬಂದು ನನ್ನ ಕೈಯ ಪಕ್ಕದಲ್ಲಿ ತಮ್ಮ ಕೈ ಇಟ್ಟರು. ಹೆಬ್ಬೆರಳು ಇನ್ನೂ ಹಸಿರು ನೀರಿನಲ್ಲಿ ತೊಯ್ದಿತ್ತು. ಆ ವಾಸನೆ ಒಂದು ಥರ ಸಿಹಿ. ಅಷ್ಟರಲ್ಲಿ ಹೊರಗೆ ಚಿಕ್ಕಪ್ಪ ಕೂಗಿಕೊಂಡರು. ನಮ್ಮ ನಾಯಿ ಕರಿಯ ಕಾರಿನಡಿ ನುಗ್ಗಿ, ಚೆಲ್ಲಿದ ಕೂಲೆಂಟಿಗೆ ಮೂತಿ ಇಟ್ಟಿತ್ತು. ಹಿಂಗಾಲು ಹಿಡಿದು ಎಳೆದರು. ಅದರೊಳಗಿನ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿಗಳು ಇಷ್ಟಪಟ್ಟು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂದು ಹೇಳುವಾಗ ಚಿಕ್ಕಪ್ಪನ ಕೈ ನಡುಗುತ್ತಿತ್ತು. ಒಲೆಯ ಬೂದಿ ತಂದು ಸುರಿದು, ಹೀರಿದ ಬೂದಿಯನ್ನು ಅಷ್ಟೂ ಬಳಿದು ಡಬ್ಬಕ್ಕೆ ತುಂಬಿ, ಬಿಗಿಯಾಗಿ ಮುಚ್ಚಿಟ್ಟರು. ಕರಿಯನನ್ನು ಎರಡು ದಿನ ಕಟ್ಟಿಹಾಕಿ ನೋಡಿಕೊಂಡೆವು. ಏನೂ ಆಗಲಿಲ್ಲ. ಉಳಿದ ಕೂಲೆಂಟಿನ ಡಬ್ಬವನ್ನು ಅಮ್ಮ ತಾವೇ ಅಟ್ಟದ ಮೇಲೆ ಏರಿಸಿದರು.

ಮುಂದಿನ ವಾರ ಅಜ್ಜಿಯ ಕಣ್ಣು ತೋರಿಸಲು ಮಂಗಳೂರಿಗೆ ಹೋಗಿ ಬಂದೆವು. ಬೆಳಗಿನ ಐದೂವರೆ, ಹೊರಗೆ ಹಾಲಿನಂಥ ಮಂಜು. ಮುಂದಿನ ಗಾಜು ಕೆಳಗಿನ ಅಂಚಿನಿಂದ ಮೆಲ್ಲಗೆ ತಿಳಿಯಾಗುತ್ತ ಬಂತು. ವಾಪಸ್ ಬರುವಾಗ ಘಾಟಿಯಲ್ಲಿ, ಹಿಂದಿನ ವಾರ ನಿಂತ ಅದೇ ತಿರುವಿನಲ್ಲಿ, ಅಪ್ಪ ಕಾರು ನಿಲ್ಲಿಸಿದರು. ಮುಳ್ಳು ನಡುವಿನಲ್ಲೇ ಇತ್ತು. ಆದರೂ ಇಳಿದು ಬಾನೆಟ್ ಎತ್ತಿದರು. ನಾನೂ ಇಳಿದೆ. ಹೀಟರಿನ ಒಂದು ಪೈಪಿಗೆ ಬೆರಳು ತಾಗಿಸಿ ತೆಗೆದರು, ಇನ್ನೊಂದಕ್ಕೆ ತಾಗಿಸಿ ತೆಗೆದರು.

"ಎರಡೂ ಸುಡ್ತವೆ" ಎಂದರು.

ಬಂಡೆಯ ನೀರು ಆವತ್ತಿನ ಹಾಗೆಯೇ ಒಸರುತ್ತಿತ್ತು. ಕೆಳಗಿನಿಂದ ಲಾರಿಯೊಂದು ಮೊದಲನೇ ಗೇರಿನಲ್ಲಿ ಏರಿ ಬರುವ ಸದ್ದು ಕೇಳಿತು. ಅಪ್ಪ ಬಾನೆಟ್ ಹಾಕದೆ, ಅದು ತಿರುವು ದಾಟಿ ಬರುವ ತನಕ ಕಾದು ನಿಂತರು. ಅವರಲ್ಲ, ಬೇರೆ ಡ್ರೈವರ್. ಆದರೂ ಅಪ್ಪ ಕೈ ಎತ್ತಿದರು.